ಟ್ರಾವೆಲರ್ ಗಾಡಿಯೊಳಗೆ ಅಡ್ಡ ಮಂಚ ಹಿಡಿಯುವುದಿಲ್ಲ

ಪ್ರಶ್ನೆ: ನಾವು ಶಿವಮೊಗ್ಗದವರು. ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗಳು. ಸ್ವಂತ ಓಡಾಟಕ್ಕೆಂದು ಸೆಕೆಂಡ್ ಹ್ಯಾಂಡ್ ಫೋರ್ಸ್ ಟ್ರಾವೆಲರ್ ತೆಗೆದುಕೊಂಡಿದ್ದೇವೆ. ಅದನ್ನು ಕ್ಯಾಂಪರ್ ವ್ಯಾನ್ ಮಾಡಿಕೊಂಡು ತಿಂಗಳಿಗೊಂದು ಸಲ ಮಲೆನಾಡು, ಕರಾವಳಿ ಕಡೆ, ವರ್ಷಕ್ಕೊಮ್ಮೆ ಹದಿನೈದು ದಿನ ದೂರ ಹೋಗಿಬರುವ ಆಸೆ. ಡ್ರೈವರ್ ಸೀಟಿನ ಬೆನ್ನಿನಿಂದ ಹಿಂಬಾಗಿಲಿನವರೆಗೆ ಒಳಗೆ 11 ಅಡಿ ಉದ್ದ, 5 ಅಡಿ 8 ಇಂಚು ಅಗಲ, 6 ಅಡಿ ಎತ್ತರ ಸಿಗುತ್ತದೆ. ನನ್ನ ಎತ್ತರ 5 ಅಡಿ 9 ಇಂಚು. ಯುರೋಪಿನವರೊಬ್ಬರ ವ್ಯಾನಿನ ವಿಡಿಯೊ ನೋಡಿ ನಕ್ಷೆ ಹಾಕಿದ್ದೇನೆ: ಹಿಂದೆ ಅಡ್ಡಕ್ಕೆ ಡಬಲ್ ಮಂಚ, ಅದರ ಮುಂದೆ ಒಂದು ಬದಿ ಬಚ್ಚಲು ಮತ್ತು ಟಾಯ್ಲೆಟ್, ಇನ್ನೊಂದು ಬದಿ ಅಡುಗೆ ಕಟ್ಟೆ, ಮುಂದಿನ ಸೀಟು ಹಿಂದಕ್ಕೆ ತಿರುಗಿಸಿ ಊಟದ ಜಾಗ. ಬಡಗಿಯವರು 18 ಎಂಎಂ ಪ್ಲೈವುಡ್ ತರಿಸಿ ಎನ್ನುತ್ತಿದ್ದಾರೆ. ಕೆಲಸ ಶುರು ಮಾಡಬಹುದೇ?

ಉತ್ತರ: ಪ್ಲೈವುಡ್ ಈಗಲೇ ತರಿಸಬೇಡಿ. ಬಡಗಿಯವರಿಗೆ ಒಂದೆರಡು ವಾರ ಬೇರೆ ಕೆಲಸ ನೋಡಿಕೊಳ್ಳಲು ಹೇಳಿ. ನಕ್ಷೆ ಚೆನ್ನಾಗಿಯೇ ಇದೆ, ಆದರೆ ಅದನ್ನು ಹಾಕಿದವರ ಗಾಡಿ ಬೇರೆ, ರಸ್ತೆ ಬೇರೆ, ಅಡುಗೆಯೂ ಬೇರೆ.

ಮೊದಲು ಅಗಲ ನೋಡೋಣ. ಯುರೋಪಿನಲ್ಲಿ ಕ್ಯಾಂಪರ್ ಕಟ್ಟುವವರ ಅಚ್ಚುಮೆಚ್ಚಿನ ಗಾಡಿ ಫಿಯೆಟ್ ಡುಕಾಟೊ. ಅದರ ಒಳ ಅಗಲ 1.87 ಮೀಟರ್, ಅಂದರೆ 6 ಅಡಿ ಒಂದೂವರೆ ಇಂಚು. ಅಲ್ಲಿನವರಿಗೆ ಮಂಚ ಅಡ್ಡಕ್ಕೆ ಹಿಡಿಯುವುದು ಈ ಕಾರಣಕ್ಕೆ. ನಿಮ್ಮದು 5 ಅಡಿ 8 ಇಂಚು. ಎರಡೂ ಗೋಡೆಗೆ ಬಿಸಿಲು, ಚಳಿ ತಡೆಯುವ ಇನ್ಸುಲೇಷನ್, ಅದರ ಮೇಲಿನ ಹೊದಿಕೆ ಸೇರಿ ಒಂದೊಂದು ಇಂಚು ಹೋದರೆ ಉಳಿಯುವುದು 5 ಅಡಿ 6 ಇಂಚು. ನೀವು ಮೊದಲ ರಾತ್ರಿ ಮಂಡಿ ಮಡಚಿ ಮಲಗುತ್ತೀರಿ, ಎರಡನೇ ರಾತ್ರಿ ಮೂಲೆಯಿಂದ ಮೂಲೆಗೆ ಮಲಗುತ್ತೀರಿ, ಮೂರನೇ ರಾತ್ರಿ ಲಾಡ್ಜ್ ಹುಡುಕುತ್ತೀರಿ.

ಆಮೇಲೆ ಬಾಗಿಲು. ಅಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಪಕ್ಕದ ಬಾಗಿಲೂ ಬಲಕ್ಕಿರುತ್ತದೆ; ನಮ್ಮಲ್ಲಿ ಎಡಕ್ಕೆ. ವಿದೇಶಿ ನಕ್ಷೆಯನ್ನು ಎಡಬಲ ಅದಲುಬದಲು ಮಾಡದೆ ಇಳಿಸಿಕೊಂಡರೆ ಬಚ್ಚಲಿನ ಗೋಡೆ ಬಂದು ಬಾಗಿಲಿಗೆ ನಿಲ್ಲುತ್ತದೆ. ಇನ್ನು ಸೀಟು ತಿರುಗಿಸುವ ವಿಚಾರ. ಅದನ್ನು ಪೂರ್ತಿ ಬಿಟ್ಟುಬಿಡಿ. ಮುಂದಿನ ಸೀಟು, ಅದರ ಬೋಲ್ಟು, ಬೆಲ್ಟು ಇವೆಲ್ಲ ಅಪಘಾತದ ಪೆಟ್ಟು ತಡೆಯಬೇಕಾದವು. ಅದರಡಿ ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ತಿರುಗುಪ್ಲೇಟು ಕೂರಿಸುವುದು ಪ್ರಾಣದ ಜೊತೆ ಆಟ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ, ಯಾಕೆಂದರೆ ನಕ್ಷೆ ಅದಕ್ಕೂ ತಲೆಬಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಸೀಟುಗಳ ಸಂಖ್ಯೆ ಆರ್‌ಸಿಯಲ್ಲಿದೆ. ಸೀಟು ಬಿಚ್ಚಿದ ದಿನವೇ ಗಾಡಿಗೂ ಕಾಗದಕ್ಕೂ ತಾಳೆ ತಪ್ಪುತ್ತದೆ. ಒಳ್ಳೆಯ ಸುದ್ದಿಯೆಂದರೆ ಕ್ಯಾಂಪರ್ ವ್ಯಾನ್ ಎಂಬುದು ನಮ್ಮ ಕಾನೂನಿಗೆ ಅಪರಿಚಿತವಲ್ಲ, ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಕೂರುವ ಜಾಗ ಮತ್ತು ಮೇಜು, ಮಲಗುವ ಜಾಗ, ಅಡುಗೆ ವ್ಯವಸ್ಥೆ, ಸಾಮಾನು ಇಡುವ ಜಾಗ ಇರಬೇಕು, ಇವು ಗಾಡಿಗೆ ಬಿಗಿಯಾಗಿ ಕೂತಿರಬೇಕು, ಮೇಜನ್ನು ಮಾತ್ರ ಬಿಚ್ಚುವಂತೆ ಮಾಡಬಹುದು ಎಂಬುದು ಕ್ಯಾರವಾನ್‌ನ ಲಕ್ಷಣ. ನಿಮ್ಮ ಆರ್‌ಟಿಒ ಕಚೇರಿಗೆ ಕೈಯಲ್ಲಿ ಬರೆದ ನಕ್ಷೆಯನ್ನೇ ಹಿಡಿದು ಹೋಗಿ, ಯಾವ ಅನುಮತಿ, ಯಾವ ಕ್ರಮದಲ್ಲಿ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ. ಹೇಳದೆ ಮಾಡಿದ ಮಾರ್ಪಾಡು ಕ್ಲೇಮಿನ ದಿನ ಅವರ ಕಣ್ಣಿಗೆ ಮೊದಲು ಬೀಳುತ್ತದೆ.

ಈಗ ಮುಖ್ಯ ವಿಷಯ. ಎಲ್ಲರೂ ನಕ್ಷೆಯನ್ನು ಮಂಚ, ಕಟ್ಟೆ, ಕಪಾಟುಗಳಿಂದ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಕಾಗದದ ಮೇಲೆ ಎಲ್ಲವೂ ಹಿಡಿಯುತ್ತದೆ, ಗಾಡಿಯಲ್ಲಿ ಜನ ಹಿಡಿಯುವುದಿಲ್ಲ. ನೀವು ಒಂದು ಬೆಳಗ್ಗೆಯಿಂದ ಶುರು ಮಾಡಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ಜುಲೈಯಲ್ಲಿ ಗಾಡಿ ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಆರು ಗಂಟೆ. ಹೊರಗೆ ಕಾಲಿಡುವ ಹಾಗಿಲ್ಲ. ನಿಮ್ಮ ಮನೆಯವರು ಕಾಫಿಗೆ ಹಾಲು ಇಡಬೇಕು, ಮಗಳು ಇನ್ನೂ ಮಲಗಿದ್ದಾಳೆ, ನಿಮಗೆ ಟಾಯ್ಲೆಟ್‌ಗೆ ಹೋಗಬೇಕು, ನಿನ್ನೆ ನೆನೆದ ರೇನ್‌ಕೋಟು ಎಲ್ಲೋ ಸೋರುತ್ತಿದೆ. ಈ ನಾಲ್ಕೂ ಒಂದೇ ಹೊತ್ತಿಗೆ, ಯಾರೂ ಯಾರನ್ನೂ ಎಬ್ಬಿಸದೆ, ಇಡೀ ಹಾಸಿಗೆಯನ್ನು ಎತ್ತಿಡದೆ ಆಗುತ್ತದೆಯೇ? ಆಗುತ್ತದೆ ಎಂದರೆ ನಕ್ಷೆ ಪಾಸು. ಬಿಸಿಲಿನ ದಿನ ಎಂಥ ನಕ್ಷೆಯೂ ನಡೆಯುತ್ತದೆ, ಯಾಕೆಂದರೆ ಆಗ ನಿಮ್ಮ ಮನೆ ಗಾಡಿಯ ಹೊರಗಿರುತ್ತದೆ.

ನಿಮ್ಮ ನಕ್ಷೆ ಈ ಪರೀಕ್ಷೆಯಲ್ಲಿ ಫೇಲಾಗುವುದು ಎರಡು ಕಡೆ. ಹಿಂದಿನ ಮಂಚ ಕಾಯಂ ಆದ್ದರಿಂದ ಹಗಲಿಡೀ ಮೂವರೂ ಮುಂದಿನ ಐದಾರು ಅಡಿಯಲ್ಲಿ ಇರಬೇಕು. ಅದರಲ್ಲೂ ಅರ್ಧವನ್ನು ಬಚ್ಚಲು ನುಂಗಿದೆ. ಹಾಗಾದರೆ ನನ್ನ ಸಲಹೆ ಏನು? ನಿಮ್ಮದೇ ಅಳತೆಯಲ್ಲಿ ಹೇಳುತ್ತೇನೆ, ಟೇಪು ಹಿಡಿದುಕೊಂಡು ಓದಿ.

ಒಟ್ಟು ಉದ್ದ 11 ಅಡಿ, ಅಂದರೆ 132 ಇಂಚು. ಹಿಂಬಾಗಿಲಿನಿಂದ ಮುಂದಕ್ಕೆ 74 ಇಂಚು ಮಲಗುವುದಕ್ಕೂ ಕೂರುವುದಕ್ಕೂ. ಅಲ್ಲಿ ಎರಡೂ ಕಿಟಕಿಗೆ ತಾಗಿ ಉದ್ದಕ್ಕೆ ಒಂದೊಂದು ಬೆಂಚು, ತಲಾ 22 ಇಂಚು ಅಗಲ. ನಡುವೆ 22 ಇಂಚು ಓಣಿ. ಮೂರು ಇಪ್ಪತ್ತೆರಡು ಅರವತ್ತಾರು, ಅಂದರೆ ಸರಿಯಾಗಿ ನಿಮ್ಮ 5 ಅಡಿ 6 ಇಂಚು. ಈ ಸಮಪಾಲು ಬೇಕೆಂದೇ ಮಾಡಿದ್ದು. ಹಗಲು ಬೆಂಚಿನ ಬೆನ್ನಿಗಿರುವ ಕುಶನ್ ರಾತ್ರಿ ನಡುವಿನ ಹಾಸಿಗೆಯಾಗುತ್ತದೆ, ಯಾವುದನ್ನು ಎಲ್ಲಿ ಹಾಕಿದರೂ ಕೂರುತ್ತದೆ. ನಡುವಿನ ಓಣಿಗೆ 37 ಇಂಚಿನ ಎರಡು ಹಲಗೆ. ಅದರಲ್ಲಿ ಒಂದು ಹಗಲು ಊಟದ ಮೇಜು. ಬೆಳಗ್ಗೆ ಬೇಗ ಏಳುವವರು ಮುಂದಿನ ಹಲಗೆಯೊಂದನ್ನೇ ಎತ್ತಿ ಓಣಿಗೆ ಇಳಿಯಬಹುದು, ಉಳಿದವರ ನಿದ್ದೆ ಕೆಡುವುದಿಲ್ಲ. ಪೂರ್ತಿ ಹಾಸಿದರೆ 66 ಇಂಚು ಅಗಲ, 74 ಇಂಚು ಉದ್ದ. ಮನೆಯ ಕ್ವೀನ್ ಸೈಜ್ ಮಂಚಕ್ಕಿಂತ ಅರ್ಧ ಅಡಿ ಅಗಲ ಜಾಸ್ತಿ, ನೀವು ಕಾಲು ಚಾಚಿ ಮಲಗುವಷ್ಟು ಉದ್ದ.

ಮಗಳಿಗೆ? ಅಡ್ಡ ಮಂಚ ನಿಮಗೆ ಸಾಲದು, ಅವಳಿಗೆ ಸಾಕು. ಹಿಂಬಾಗಿಲಿನ ಒಳಬದಿಯಲ್ಲಿ, ನಿಮ್ಮಿಬ್ಬರ ಪಾದದ ಮೇಲೆ ಬರುವಂತೆ, 26 ಇಂಚು ಅಗಲದ ಕ್ಯಾನ್ವಾಸ್ ಬಂಕ್ ಕಟ್ಟಿಸಿ. ಎರಡು ಪೈಪು, ನಡುವೆ ದಪ್ಪ ಕ್ಯಾನ್ವಾಸು, ಪೈಪಿನ ತುದಿಗಳು ಎರಡೂ ಗೋಡೆಯ ಬ್ರಾಕೆಟ್ಟಿನಲ್ಲಿ. ಬ್ರಾಕೆಟ್ಟು ಬಾಡಿಯ ಚೌಕಟ್ಟಿಗೇ ಬೋಲ್ಟ್ ಆಗಬೇಕು, ಹೊರಗಿನ ತೆಳು ತಗಡಿಗಲ್ಲ. ಮಲಗುವ ಮಟ್ಟ ನೆಲದಿಂದ 46 ಇಂಚಿನಲ್ಲಿದ್ದರೆ ಕೆಳಗೆ ನಿಮ್ಮ ಪಾದಕ್ಕೆ ಸುಮಾರು 20 ಇಂಚು, ಮೇಲೆ ಅವಳಿಗೆ ಸುಮಾರು 24 ಇಂಚು ಸಿಗುತ್ತದೆ. ಎದ್ದು ಕೂರಲಾಗದು, ಹೊರಳಾಡಬಹುದು, ಪುಸ್ತಕ ಓದಬಹುದು. ಹಗಲು ಪೈಪು ಕಳಚಿ ಸುರುಳಿ ಸುತ್ತಿ ಬೆಂಚಿನಡಿ ಹಾಕಿ. 5 ಅಡಿ 3 ಇಂಚು ಬೆಳೆಯುವವರೆಗೆ ಇದು ನಡೆಯುತ್ತದೆ. ಆಮೇಲೆ ಅವಳು ನಿಮ್ಮ ಜೊತೆ ಬರುವುದಕ್ಕಿಂತ ಹೊರಗೆ ತನ್ನದೇ ಟೆಂಟು ಕೇಳುವ ವಯಸ್ಸು.

ಇನ್ನುಳಿದದ್ದು ಮುಂದಿನ 58 ಇಂಚು. ಬಲಕ್ಕೆ, ಡ್ರೈವರ್ ಬೆನ್ನ ಹಿಂದೆ, ಕಂಪನಿಯ ಇಬ್ಬರ ಸೀಟೊಂದನ್ನು ಅದರ ಮೂಲ ಬೋಲ್ಟಿನ ಜಾಗದಲ್ಲೇ, ಬೆಲ್ಟಿನ ಸಮೇತ ಉಳಿಸಿಕೊಳ್ಳಿ. ಅದಕ್ಕೆ 32 ಇಂಚು. ಗಾಡಿ ಓಡುವಾಗ ಮಗಳು ಕೂರಬೇಕಾದದ್ದು ಅಲ್ಲಿ. ಹಿಂದಿನ ಬೆಂಚು ಎಷ್ಟೇ ಮೆತ್ತಗಿದ್ದರೂ ಚಲಿಸುವ ಗಾಡಿಯಲ್ಲಿ ಅದು ಸೀಟಲ್ಲ. ಸೀಟಿನ ಹಿಂದೆ 26 ಇಂಚು ಉದ್ದ, 24 ಇಂಚು ಆಳದ ಗೂಡು: ಕೆಳಗೆ ಪೋರ್ಟಬಲ್ ಟಾಯ್ಲೆಟ್, ಮೇಲೆ ಒದ್ದೆ ಬಟ್ಟೆ ನೇತುಹಾಕುವ ಸರಳು, ಮುಂದೆ ಪರದೆ. ಎಡಕ್ಕೆ ಬಾಗಿಲಿಗೆ 30 ಇಂಚು ಬಿಟ್ಟು, ಬಾಗಿಲಿಗೂ ಬೆಂಚಿಗೂ ನಡುವೆ 28 ಇಂಚು ಉದ್ದ, 18 ಇಂಚು ಆಳದ ಅಡುಗೆ ಕಟ್ಟೆ. ಗೂಡಿಗೂ ಕಟ್ಟೆಗೂ ನಡುವೆ 24 ಇಂಚು ಓಡಾಟಕ್ಕೆ ಉಳಿಯುತ್ತದೆ. ಒಬ್ಬರು ಒಲೆ ಮುಂದೆ ನಿಂತಾಗ ಇನ್ನೊಬ್ಬರು ಮೈ ಓರೆ ಮಾಡಿ ದಾಟಬಹುದು. ಇದಕ್ಕಿಂತ ಕಿರಿದಾದರೆ ದಿನಕ್ಕೆ ಹತ್ತು ಸಲ ಜಗಳ.

ಬಚ್ಚಲು ತೆಗೆದುಹಾಕಿದೆನಲ್ಲ ಎಂದು ನಿಮ್ಮ ಮನೆಯವರು ಕೇಳಬಹುದು. ಟಾಯ್ಲೆಟ್ ಮತ್ತು ಬಚ್ಚಲನ್ನು ನಾನು ಬೇರೆ ಬೇರೆ ಲೆಕ್ಕದಲ್ಲಿ ನೋಡುತ್ತೇನೆ. ರಾತ್ರಿ ಅಪರಿಚಿತ ಜಾಗದಲ್ಲಿ ಹೆಂಗಸರು ಕತ್ತಲಿಗೆ ಇಳಿಯಬೇಕಾಗಬಾರದು, ಆದ್ದರಿಂದ ಟಾಯ್ಲೆಟ್ ಒಳಗೆ ಇರಲೇಬೇಕು. ಸ್ನಾನ ಹಾಗಲ್ಲ, ದಿನಕ್ಕೆ ಒಬ್ಬರಿಗೆ ಹತ್ತು ನಿಮಿಷ, ಅದೂ ನಮ್ಮ ಜನ ಬಕೆಟ್ಟು ಚೊಂಬಿನಲ್ಲಿ ಮುಗಿಸುವವರು. ಹಿಂಬಾಗಿಲ ಹೊರಗೆ ಪರದೆ ಕಟ್ಟಿ ಮುಗಿಸಬಹುದು, ಇಲ್ಲವೇ ಹೋಂಸ್ಟೇ, ಛತ್ರಗಳಲ್ಲಿ ಒಂದಿಷ್ಟು ಹಣ ಕೊಟ್ಟು ಬಿಸಿನೀರಿನ ಸ್ನಾನ ಮಾಡಬಹುದು. ಅದಕ್ಕಾಗಿ ನೀರು ಸೋರದ ಕೋಣೆ, ಡ್ರೈನು, ಅದರ ತೂಕ ಇವನ್ನೆಲ್ಲ ಹೊತ್ತು ತಿರುಗುವುದು ದಂಡ. ಟಾಯ್ಲೆಟ್‌ನ ಬಗ್ಗೆ ಒಂದು ಎಚ್ಚರಿಕೆ: ಪೋರ್ಟಬಲ್ ಟಾಯ್ಲೆಟ್‌ಗಳ ಕೆಳಗಿನ ಟ್ಯಾಂಕು ಸುಮಾರು 20 ಲೀಟರಿನದು, ಅದನ್ನು ಕಾಗದ ಬಳಸುವವರ ಲೆಕ್ಕದಲ್ಲಿ ಮಾಡಿರುತ್ತಾರೆ. ನಾವು ನೀರು ಬಳಸುವವರು. ಸಣ್ಣ ಸ್ಪ್ರೇ ಬಾಟಲಿ ಇಟ್ಟುಕೊಂಡರೆ ಪರವಾಗಿಲ್ಲ. ಚೊಂಬಿಗೆ ಇಳಿದರೆ ಎರಡೇ ದಿನಕ್ಕೆ ತುಂಬಿ ಕೂರುತ್ತದೆ. ಖಾಲಿ ಮಾಡುವುದು ಟಾಯ್ಲೆಟ್‌ಗೇ ಹೊರತು ಹಳ್ಳಕ್ಕಲ್ಲ.

ಅಡುಗೆ ಕಟ್ಟೆ 28 ಇಂಚು ಎಂದರೆ ಚಿಕ್ಕದು, ಒಪ್ಪುತ್ತೇನೆ. ಒಂದು ಬರ್ನರ್, ಒಂದು ಸಣ್ಣ ಸಿಂಕು, ಅಷ್ಟಕ್ಕೇ ಮುಗಿಯಿತು. ಅದಕ್ಕೆ ಬೆಂಚಿನ ಕಡೆಗೆ ಎತ್ತಿ ನಿಲ್ಲಿಸುವ ಒಂದು ಮಡಚು ಹಲಗೆ ಕೊಡಿ, ತರಕಾರಿ ಹೆಚ್ಚುವುದು ಅಲ್ಲಿ. ಕಟ್ಟೆಯ ಎತ್ತರ 33 ಇಂಚಿನ ಆಸುಪಾಸಿರಲಿ, ಆದರೆ ಮನೆಯವರ ಮೊಣಕೈ ನೋಡಿ ನಿರ್ಧರಿಸಿ. ಒಲೆಯ ಮೇಲೆ ಕಪಾಟು ಬೇಡವೇ ಬೇಡ. ನಮ್ಮ ಅಡುಗೆಯಲ್ಲಿ ಕುಕ್ಕರ್ ಕೂಗುತ್ತದೆ, ಒಗ್ಗರಣೆ ಸಿಡಿಯುತ್ತದೆ, ಅದರ ಉಗಿಯೂ ಎಣ್ಣೆಯೂ ನೇರ ಪ್ಲೈವುಡ್ಡಿಗೆ. ಒಲೆಯನ್ನು ಬಾಗಿಲ ಕಡೆಗಿಟ್ಟರೆ ಘಾಟು ಹೊರಗೆ ಹೋಗುತ್ತದೆ. ಆದರೆ ಅದೇ ಬಾಗಿಲಿನ ಗಾಳಿ ಉರಿಯನ್ನು ಆರಿಸುತ್ತದೆ, ಓಡಿ ಬರುವ ಮಗುವಿನ ಕೈ ಬಾಣಲೆಯ ಹಿಡಿಗೆ ತಾಗುತ್ತದೆ. ಅದಕ್ಕೆ ಬಾಗಿಲ ಬದಿಗೆ ಅರ್ಧ ಅಡಿ ಎತ್ತರದ ಸ್ಟೀಲ್ ತಡೆ ಹಾಕಿಸಿ. ಬೆಂಚಿನ ಬದಿಗೂ ಒಂದು, ಹಾಸಿಗೆಗೆ ಬೆಂಕಿ ತಾಗದ ಹಾಗೆ.

ಗ್ಯಾಸೋ ಇಂಡಕ್ಷನ್ನೋ ಎಂದು ಎಲ್ಲರೂ ಕೇಳುತ್ತಾರೆ. 1800 ವಾಟ್‌ನ ಇಂಡಕ್ಷನ್ ಒಲೆ 12 ವೋಲ್ಟ್ ಬ್ಯಾಟರಿಯಿಂದ 150 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅದಕ್ಕೆ ಹೆಬ್ಬೆರಳು ದಪ್ಪದ ವೈರು, ದೊಡ್ಡ ಇನ್ವರ್ಟರು, ದೊಡ್ಡ ಬ್ಯಾಟರಿ ಬೇಕು. ನಿಮ್ಮ ಬಳಕೆಗೆ ಗ್ಯಾಸ್ ಸಾಕು, ಆದರೆ ಮನೆಯ 14.2 ಕೆಜಿ ಸಿಲಿಂಡರ್ ಬೇಡ, 5 ಕೆಜಿಯದು ತನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು, ಬೆಂಚಿನಡಿಯ ಪೆಟ್ಟಿಗೆಗಳಲ್ಲಿ ನಿಂತುಕೊಳ್ಳುತ್ತದೆ. ಆದ್ದರಿಂದ ಸಿಲಿಂಡರಿಗೆ ಕಟ್ಟೆಯ ಕೆಳಗೆ ಗಾಡಿಯೊಳಕ್ಕೆ ತೂತಿಲ್ಲದ ಪ್ರತ್ಯೇಕ ಪೆಟ್ಟಿಗೆ, ಅದರ ತಳದಲ್ಲಿ ನೇರ ರಸ್ತೆಗೆ ತೆರೆದ ರಂಧ್ರ. ಬ್ಯಾಟರಿ, ಸ್ವಿಚ್ಚು ಇವುಗಳ ಪಕ್ಕ ಸಿಲಿಂಡರ್ ಬರಲೇಬಾರದು. ಚಳಿಗೆಂದು ರಾತ್ರಿ ಒಲೆ ಹಚ್ಚಿಟ್ಟುಕೊಂಡು ಮಲಗುವುದು ನೇರ ಸಾವಿಗೆ ದಾರಿ; ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಒಂದು ಅಲಾರಂ ಹಾಕಿಸಿ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕ ಇರಲಿ, ಒಲೆ ದಾಟಿ ಕೈ ಹಾಕಬೇಕಾದ ಜಾಗದಲ್ಲಿ ಬೇಡ.

ಇನ್ನು ಬಡಗಿಯವರ 18 ಎಂಎಂ ಪ್ಲೈವುಡ್. ಮನೆಯ ವಾರ್ಡ್‌ರೋಬಿಗೆ ಅವರು ಹೇಳಿದ್ದು ಸರಿ. ಎಂಟಕ್ಕೆ ನಾಲ್ಕಡಿಯ ಒಂದು ಹಾಳೆ ಸುಮಾರು 35 ಕೆಜಿ ತೂಗುತ್ತದೆ. ಎಂಟು ಹಾಳೆ ಹೋದರೆ 280 ಕೆಜಿ, ಮೇಲೆ ಎರಡೂ ಕಡೆ ಮೈಕಾ, ಅದರ ಫೆವಿಕಾಲ್ ಬೇರೆ. ನಾಲ್ಕೈದು ಜನ ದೊಡ್ಡವರನ್ನು ಸದಾ ಹೊತ್ತು ತಿರುಗಿದ ಲೆಕ್ಕ. ಅಲ್ಯೂಮಿನಿಯಂ ಪೈಪಿನ ಚೌಕಟ್ಟು ಮಾಡಿಸಿ, ಅದಕ್ಕೆ 9 ಎಂಎಂ ಪ್ಲೈ ಹೊದಿಸಿ. ಹಾಳೆಗೆ ಹದಿನೇಳು ಹದಿನೆಂಟು ಕೆಜಿ. ಮೇಲೆ ಜನ ಕೂರುವ ಹಲಗೆಗಳಿಗೆ ಮಾತ್ರ 12 ಎಂಎಂ. ಮೈಕಾ ಹೊರಮುಖಕ್ಕೆ ಸಾಕು, ಒಳಮುಖಕ್ಕೆ ಪಾಲಿಶ್ ಬಳಿಸಿ, ಮಲೆನಾಡಿನ ತೇವಕ್ಕೆ ಬೂಸ್ಟು ಹಿಡಿಯದ ಹಾಗೆ. ಬಡಗಿಯವರು ಒಪ್ಪದಿದ್ದರೆ ಬಸ್ ಬಾಡಿ ಕಟ್ಟುವವರನ್ನು ಹುಡುಕಿ. ಅಲುಗಾಡುವ ಮನೆಯ ಕೆಲಸ ಅವರಿಗೆ ಗೊತ್ತು.

ತೂಕ ಎಷ್ಟಿದೆ ಎನ್ನುವಷ್ಟೇ ಎಲ್ಲಿದೆ ಎನ್ನುವುದೂ ಮುಖ್ಯ. 3350 ಎಂಎಂ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಅಷ್ಟು ಅಂತರ ಇರುವ ಟ್ರಾವೆಲರಿನಲ್ಲಿ ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ 100 ಕೆಜಿ ಇಟ್ಟಿರಿ ಎನ್ನಿ. ಹಿಂದಿನ ಚಕ್ರಗಳ ಮೇಲೆ ಬೀಳುವುದು 100 ಅಲ್ಲ, ಸುಮಾರು 130 ಕೆಜಿ. ಹೆಚ್ಚಾದ ಆ 30 ಕೆಜಿ ಮುಂದಿನ ಚಕ್ರಗಳಿಂದ ಕಳೆದುಹೋಗುತ್ತದೆ. ಘಾಟಿ ಹತ್ತುವಾಗ ಸ್ಟಿಯರಿಂಗ್ ಹಗುರಾಗಿ ತೇಲಿದಂತೆ ಅನ್ನಿಸುವುದು ಇದರಿಂದಲೇ. ಹಿಂಬಾಗಿಲಿಗೆ ಒತ್ತಿ ನೀರಿನ ಟ್ಯಾಂಕು, ಬಾಗಿಲ ಹೊರಗೆ ಸೈಕಲ್ಲು, ಚಾವಣಿಯ ಹಿಂಭಾಗಕ್ಕೆ ಕ್ಯಾರಿಯರ್ ಎಂದು ಯೋಚಿಸಿದ್ದರೆ ಕೈಬಿಡಿ. ನೀರು ಲೀಟರಿಗೆ ಒಂದು ಕೆಜಿ. ಎಡ ಬೆಂಚಿನ ಮುಂಭಾಗದಲ್ಲಿ, ಅಂದರೆ ಅಡುಗೆ ಕಟ್ಟೆಗೆ ತಾಗಿ ನೀರು. ಬಲ ಬೆಂಚಿನ ಮುಂಭಾಗದಲ್ಲಿ ಬ್ಯಾಟರಿ, ಇನ್ವರ್ಟರ್, ಜ್ಯಾಕು, ಸಲಕರಣೆ. ಬೆಂಚಿನ ನಡುವೆ ಚಕ್ರದ ಉಬ್ಬು ಬರುವ ಕಡೆ ಬಟ್ಟೆಬರೆ, ಅದರ ಹಿಂದೆ ಹೊದಿಕೆ, ಕುರ್ಚಿ, ಮಗಳ ಬಂಕು, ಒಟ್ಟಿನಲ್ಲಿ ಹಗುರಾದದ್ದು. ಮೇಲಿನ ಕಪಾಟು ಹತ್ತು ಇಂಚಿಗಿಂತ ಆಳ ಬೇಡ, ನೆಲದಿಂದ 58 ಇಂಚಿಗಿಂತ ಕೆಳಗೆ ಇಳಿಯಬಾರದು, ಇಲ್ಲದಿದ್ದರೆ ಬೆಂಚಿನಲ್ಲಿ ಕೂತವರ ತಲೆಗೆ ಹೊಡೆಯುತ್ತದೆ. ಅಲ್ಲಿ ಅಕ್ಕಿ ಡಬ್ಬ ಇಡಬೇಡಿ. ಎಲ್ಲ ಬಾಗಿಲಿಗೂ ಒತ್ತಿ ತೆರೆಯುವ ಲಾಕು ಹಾಕಿಸಿ. ಮನೆಯ ಅಡುಗೆಮನೆಯ ಮ್ಯಾಗ್ನೆಟ್ ಕ್ಯಾಚು ಮೊದಲ ಹೇರ್‌ಪಿನ್ ತಿರುವಿಗೇ ಸೋಲುತ್ತದೆ.

ನೀರಿಗೆ ಕಾಯಂ ಟ್ಯಾಂಕು ಬೇಕೆಂದೇನೂ ಇಲ್ಲ. ಮೂವರಿಗೆ ಕುಡಿಯಲು, ಅಡುಗೆಗೆ, ಪಾತ್ರೆಗೆ ಸೇರಿ ದಿನಕ್ಕೆ ಇಪ್ಪತ್ತು ಲೀಟರ್ ಆದರೆ 20 ಲೀಟರಿನ ಮೂರು ಕ್ಯಾನು ಸಾಕು. ನಮ್ಮ ಯಾವ ಸಣ್ಣ ಪೇಟೆಯಲ್ಲೂ ತುಂಬಿದ ಕ್ಯಾನು ಸಿಗುತ್ತದೆ, ಖಾಲಿಯಾದದ್ದನ್ನು ಹೊರತೆಗೆದು ತೊಳೆಯಬಹುದು. ಗಾಡಿಯಡಿ ಕಟ್ಟಿದ ಟ್ಯಾಂಕಿಗೆ ನೀರು ತುಂಬಲು ಪೈಪು ಹಿಡಿದು ಬೇಡುವ ಕಷ್ಟ ಬೇಡ. ಸಿಂಕಿನ ಕೊಳೆ ನೀರಿಗೂ ಅಷ್ಟೇ ದೊಡ್ಡ ಕ್ಯಾನೊಂದು ಕೆಳಗಿರಲಿ.

ವಿದ್ಯುತ್ತಿಗೆ ಈ ಕುಟುಂಬದ ಲೆಕ್ಕ ಹೀಗೆ ಬರುತ್ತದೆ: 15 ವಾಟ್‌ನ ಎರಡು 12 ವೋಲ್ಟ್ ಫ್ಯಾನು ಎಂಟು ಗಂಟೆಗೆ 240 ವಾಟ್-ಅವರ್, 40 ಲೀಟರಿನ ಕಂಪ್ರೆಸರ್ ಫ್ರಿಜ್ಜು ದಿನಕ್ಕೆ ಸುಮಾರು 500, ದೀಪ, ಫೋನು, ಲ್ಯಾಪ್‌ಟಾಪ್ ಇನ್ನೂರೈವತ್ತು. ಚಟ್ನಿಗೆ 750 ವಾಟ್‌ನ ಮಿಕ್ಸಿ ಐದು ನಿಮಿಷ ತಿರುಗಿದರೆ ಬರೀ 60 ಚಿಲ್ಲರೆ, ಹೆದರಬೇಡಿ. ಅದಕ್ಕೆ 1500 ವಾಟ್‌ನ ಇನ್ವರ್ಟರ್ ನೆಮ್ಮದಿ. ಒಟ್ಟು ಸಾವಿರದ ಮೇಲೊಂದಿಷ್ಟು. 12.8 ವೋಲ್ಟ್, 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 2560 ವಾಟ್-ಅವರ್ ಇರುತ್ತದೆ, ಬಿಸಿಲಿಲ್ಲದೆಯೂ ಎರಡು ದಿನ ದಾಟುತ್ತದೆ. ಮನೆಯ ಹಳೆಯ ಟ್ಯೂಬ್ಯುಲರ್ ಬ್ಯಾಟರಿ ಇದೆ ಎಂದು ತಂದು ಬೆಂಚಿನಡಿ ಇಡಬೇಡಿ: ಅರ್ಧದಷ್ಟೇ ಬಳಸಬಹುದು, ಒಂದೇ ಐವತ್ತು ಕೆಜಿ ದಾಟುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದರ ಮೇಲೆ ನೀವು ಮಲಗುತ್ತೀರಿ. ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ. ಗಾಡಿಯ ಆಲ್ಟರ್ನೇಟರ್‌ನಿಂದ ಚಾರ್ಜ್ ಮಾಡುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದರೆ ಎರಡು ಗಂಟೆಯ ಪ್ರಯಾಣಕ್ಕೆ ಸುಮಾರು 800 ವಾಟ್-ಅವರ್ ಬರುತ್ತದೆ. ಚಾವಣಿಯ ಪ್ಯಾನಲ್ಲಿಗೂ ತಗಡಿಗೂ ನಡುವೆ ಎರಡು ಇಂಚು ಗಾಳಿ ಆಡುವಂತಿರಲಿ, ಅದೇ ಒಂದು ಕೊಡೆಯಾಗಿ ಒಳಗೆ ತಂಪಿರುತ್ತದೆ. ಕರಾವಳಿಯಲ್ಲಿ ನೆರಳು ಸಿಕ್ಕಿತೆಂದು ತೆಂಗಿನ ಮರದಡಿ ನಿಲ್ಲಿಸಬೇಡಿ. ಒಂದು ಕಾಯಿ ಬಿದ್ದರೆ ಪ್ಯಾನಲ್ಲು ಹೋಯಿತು. ಎಸಿ ಬಗ್ಗೆ ನೀವು ಕೇಳಿಲ್ಲ, ಒಳ್ಳೆಯದು.

ಉಡುಪಿ, ಗೋಕರ್ಣದ ರಾತ್ರಿಗೆ ಬೇಕಾದದ್ದು ಗಾಳಿ. ಕಂಪನಿಯ ಜಾರು ಕಿಟಕಿಗಳು ಬೆಂಚಿನ ಉದ್ದಕ್ಕೂ ಬರುತ್ತವೆ, ಒಂದನ್ನೂ ಕಪಾಟಿನಿಂದ ಮುಚ್ಚಬೇಡಿ, ಎಲ್ಲಕ್ಕೂ ಸೊಳ್ಳೆ ಜಾಲರಿ ಹಾಕಿಸಿ. ಚಾವಣಿಯಲ್ಲಿ ಒಂದು ಎಕ್ಸಾಸ್ಟ್, ಅಡುಗೆ ಕಟ್ಟೆಯ ಹತ್ತಿರ. ಹಿಂದಿನ ಕಿಟಕಿಯಿಂದ ಬಂದ ಗಾಳಿ ಮಲಗಿದವರ ಮೈಮೇಲೆ ಹಾದು ಮುಂದೆ ಮೇಲಕ್ಕೆ ಹೋಗುವ ದಾರಿ ಅದು. ಆದರೆ ಎಕ್ಸಾಸ್ಟು, ದೀಪ, ಕೊಕ್ಕೆ ಯಾವುದೂ ನಡುವಿನ ಓಣಿಯ ನೇರಕ್ಕೆ ಬರದಿರಲಿ. ಚಾವಣಿಗೆ ಒಂದು ಇಂಚು, ನೆಲಕ್ಕೆ ಅರ್ಧ ಇಂಚು ಹೋದಮೇಲೆ ನಿಮಗೆ ಸಿಗುವ ಎತ್ತರ 5 ಅಡಿ 10 ಇಂಚು ಚಿಲ್ಲರೆ. ನಿಮ್ಮ ತಲೆಗೂ ಚಾವಣಿಗೂ ಬರೀ ಒಂದೂವರೆ ಇಂಚು, ಅದೂ ಬರಿಗಾಲಲ್ಲಿ.

ಇಷ್ಟೆಲ್ಲ ಓದಿ ಬಡಗಿಯವರಿಗೆ ಫೋನ್ ಮಾಡುವ ಮುಂಚೆ ತಾರಸಿಗೆ ಹೋಗಿ. ರಂಗೋಲಿ ಪುಡಿಯಲ್ಲಿ 132 ಇಂಚಿಗೆ 66 ಇಂಚಿನ ಚೌಕ ಎಳೆದು, ಬಾಗಿಲಿನ ಜಾಗ, ಚಕ್ರದ ಉಬ್ಬು ಎಲ್ಲ ಗುರುತಿಸಿ. ಬೆಂಚಿಗೆ ಮನೆಯ ದಿವಾನು, ಟ್ರಂಕು, ಕಟ್ಟೆಗೆ ರಟ್ಟಿನ ಪೆಟ್ಟಿಗೆ ಜೋಡಿಸಿ. ಆಮೇಲೆ ಮೂವರೂ ಒಳಗೆ ನಿಂತು ಆ ಮಳೆಯ ಬೆಳಗ್ಗೆಯನ್ನು ಆಡಿ ನೋಡಿ: ನೀವು ಗೂಡಿಗೆ ಹೋಗಿ, ಅವರು ಒಲೆ ಮುಂದೆ ನಿಲ್ಲಲಿ, ಮಗಳು ಬಂಕಿನಿಂದ ಇಳಿಯಲಿ. ಗೆರೆ ಅಳಿಸಿದ ಜಾಗದಲ್ಲೆಲ್ಲ ನಕ್ಷೆ ತಿದ್ದಬೇಕು. ನೆರೆಯವರು ನಗುತ್ತಾರೆ, ನಗಲಿ. ಅದಾದಮೇಲೆ ಗಾಡಿಯಲ್ಲೇ, ಬರೀ ಚಾಪೆ, ಕ್ಯಾಂಪ್ ಸ್ಟವ್, ನೀರಿನ ಕ್ಯಾನು ಹಾಕಿಕೊಂಡು ಒಂದು ವಾರಾಂತ್ಯ ತೀರ್ಥಹಳ್ಳಿ ಕಡೆ ಹೋಗಿಬನ್ನಿ. ಯಾರು ಯಾವ ಕಡೆ ತಲೆ ಹಾಕುತ್ತಾರೆ, ಚಪ್ಪಲಿ ಎಲ್ಲಿ ಬೀಳುತ್ತದೆ, ಕೆಸರು ಎಲ್ಲಿವರೆಗೆ ಬರುತ್ತದೆ ಎಂಬುದೆಲ್ಲ ಅಲ್ಲಿ ತಾನಾಗಿ ಗೊತ್ತಾಗುತ್ತದೆ. ಚಪ್ಪಲಿಗೆ ಜಾಗವಿಲ್ಲದ ಕ್ಯಾಂಪರ್‌ಗಳನ್ನು ನಾನು ಬಹಳ ನೋಡಿದ್ದೇನೆ. ನಿಮ್ಮದರಲ್ಲಿ ಉಳಿಸಿಕೊಂಡ ಸೀಟಿನ ಅಡಿ ಅದಕ್ಕೆ ಹೇಳಿಮಾಡಿಸಿದ ಜಾಗ.

ಕೆಲಸ ಶುರುವಾಗುವ ಮುಂಚೆ ಗಾಡಿಯನ್ನು ವೇ ಬ್ರಿಡ್ಜ್‌ಗೆ ಒಯ್ದು ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆಬೇರೆಯಾಗಿ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಚೌಕಟ್ಟು ಕೂತ ಮೇಲೆ ಇನ್ನೊಮ್ಮೆ, ಎಲ್ಲ ಮುಗಿದು ನೀರು ತುಂಬಿ ಮೂವರೂ ಕೂತ ಮೇಲೆ ಮತ್ತೊಮ್ಮೆ. ಆರ್‌ಸಿಯಲ್ಲಿರುವ ಒಟ್ಟು ತೂಕಕ್ಕೆ ಹೋಲಿಸಿ ನೋಡಿ. ಹಿಂಬಾಗಿಲ ಹಿಡಿಯನ್ನೂ ಈಗಲೇ ಪರೀಕ್ಷಿಸಿ: ಅದು ಒಳಗಿನಿಂದ ತೆರೆಯದಿದ್ದರೆ ಮೊದಲು ಮಾಡಿಸಬೇಕಾದ ಕೆಲಸ ಅದೇ. ಮಗಳು ಮಲಗುವುದು ಆ ಬಾಗಿಲಿಗೆ ತಾಗಿ. ಮುಂದೆ ಒಲೆಯ ಕಡೆ ಬೆಂಕಿ ಬಿದ್ದರೆ ನಿಮಗೆ ಮೂವರಿಗೂ ಇರುವ ದಾರಿ ಅದೊಂದೇ.